ಮಾಳಿಗೆ ಕೆಡವುವ ಮುನ್ನ ಸದ್ದಿನ ಲೆಕ್ಕವೂ ಇರಲಿ

ನಮ್ಮ ಮರೋಳದ ಕಡೆ ಮಣ್ಣಿನ ಮಾಳಿಗೆ ತೆಗೆದು ತಗಡು ಹೊದಿಸಿದರೆ ಮನೆ ಸುಧಾರಿಸಿತು ಅನ್ನುತ್ತಾರೆ. ಮಳೆ ಸೋರುವುದಿಲ್ಲ, ವರ್ಷಕ್ಕೊಮ್ಮೆ ಸವಳು ಮಣ್ಣು ಹಾಕುವ ಕೆಲಸ ತಪ್ಪುತ್ತದೆ, ನಿಜ. ಆದರೆ ಅದೇ ತಗಡಿನ ಕೆಳಗೆ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರನ್ನು ಕೇಳಿ ನೋಡಿ. ಜೋರು ಮಳೆ ಬಂತೆಂದರೆ ಪುಸ್ತಕ ಮುಚ್ಚಿಡುವುದೇ. ಪಕ್ಕದ ಮನೆಯ ಧಾರಾವಾಹಿಯ ಅಳುವೂ ನಮ್ಮ ಮನೆಯದೇ ಅನ್ನಿಸುತ್ತದೆ.

ಹಳೆಯ ಮನೆಯಲ್ಲಿ ಚಾವಣಿಯ ಭಾರ ಹೊರುವುದು ಕಂಬ, ತೊಲೆ, ಜಂತಿ. ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಅರ್ಧ ಅಡಿ ಮಣ್ಣು. ಸುತ್ತ ಒಂದೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ಸದ್ದನ್ನು ತಡೆಯುವುದು ಮುಖ್ಯವಾಗಿ ಭಾರ. ತೂಕ ಎರಡು ಪಟ್ಟಾದರೆ ದಾಟುವ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ ಎಂಬುದು ಭೌತಶಾಸ್ತ್ರದ ಲೆಕ್ಕ. ಅರ್ಧ ಅಡಿ ಮಣ್ಣು ಒಂದು ಚದರ ಮೀಟರಿಗೆ 200 ಕಿಲೋ ಮೀರುತ್ತದೆ. ಅರ್ಧ ಮಿಲಿಮೀಟರ್ ತಗಡು 4 ಕಿಲೋ ಆಸುಪಾಸು. ಇನ್ನು ಹೇಳುವುದೇನಿದೆ? ಸ್ಕಾಟ್ಲೆಂಡಿನ ಹಳೆಯ ಮನೆಗಳಲ್ಲೂ ಮೇಲಂತಸ್ತಿನ ಹೆಜ್ಜೆ ಸದ್ದು ಕೆಳಗಿಳಿಯದಿರಲಿ ಎಂದು ಜಂತಿಗಳ ನಡುವೆ ಬೂದಿ ತುಂಬುತ್ತಿದ್ದರು. ನಮ್ಮ ಹಿರಿಯರು ಮಣ್ಣು ಹಾಕಿದ್ದು ಬಿಸಿಲಿಗಾಗಿ ಇರಬಹುದು, ಜೊತೆಗೆ ಮೌನವೂ ಸಿಕ್ಕಿತು.

ಹಾಗಂತ ಮಾಳಿಗೆಯನ್ನು ಹೊಗಳಿ ಕೂರುವ ಜಾತಿಯವನಲ್ಲ ನಾನು. ಗೆದ್ದಲು ಹಿಡಿದ ತೊಲೆಯ ಮೇಲೆ ಅಷ್ಟು ಭಾರ ಇಡುವುದು ಜೀವಕ್ಕೆ ಅಪಾಯ. 2019ರ ಆಗಸ್ಟ್ ಪ್ರವಾಹದಲ್ಲಿ ಜಿಲ್ಲೆಯ ಹೊಳೆದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಹೇಗೆ ಕುಸಿದವು ಎಂಬುದನ್ನು ಮರೆಯುವಂತಿಲ್ಲ. ಬಡಿಗೇರರನ್ನು ಕರೆಸಿ ತೊಲೆ-ಜಂತಿ ತಟ್ಟಿ ನೋಡಿಸಿ. ಗಟ್ಟಿ ಇದ್ದರೆ ಒಂದು ಕೋಣೆಯನ್ನಾದರೂ ಹಾಗೇ ಉಳಿಸಿ, ಓದುವವರಿಗೆ ಕೊಡಿ. ನನ್ನ ವಾದ ಇಷ್ಟೇ.

ತಗಡು ಈಗಾಗಲೇ ಬಿದ್ದಿದ್ದರೆ? ಗೋಡೆಗೆ ಮೊಟ್ಟೆಯ ಟ್ರೇ, ತೆಳು ಸ್ಪಂಜು ಅಂಟಿಸುವ ವಿಡಿಯೊ ನಂಬಿ ದುಡ್ಡು ಕಳೆಯಬೇಡಿ. ಅವು ಕೋಣೆಯೊಳಗಿನ ಮಾರ್ದನಿಯನ್ನು ಒಂಚೂರು ಕುಗ್ಗಿಸಬಹುದು, ಪಕ್ಕದ ಮನೆಯ ಸದ್ದನ್ನು ತಡೆಯುವುದಿಲ್ಲ. ತಗಡಿನ ಕೆಳಗೆ ಒಂದು ಗೇಣು ಜಾಗ ಬಿಟ್ಟು ಎರಡು ಪದರ ಜಿಪ್ಸಂ ಹಲಗೆ, ಅದರ ಮೇಲೆ ಗಾಜಿನ ಉಣ್ಣೆ ಹಾಕಿದರೆ ವ್ಯತ್ಯಾಸ ಕಾಣುತ್ತದೆ. ಅಷ್ಟು ಖರ್ಚು ಎಲ್ಲರಿಗೆ ಆಗದು. ಮೊದಲು ಬಾಗಿಲ ಸಂದಿ, ಗೋಡೆ-ತಗಡಿನ ನಡುವಿನ ಬಿರುಕು ಮುಚ್ಚಿ. ಗಾಳಿ ನುಗ್ಗುವಲ್ಲಿ ಸದ್ದೂ ನುಗ್ಗುತ್ತದೆ. ಗಾಳಿಗೆ ಒಂದು ಕಿಟಕಿ ಇರಲಿ, ಅದು ಓಣಿಯ ಕಡೆ ಬೇಡ. ಬಾಗಿಲಿಗೆ ಅಜ್ಜಿಯ ದಪ್ಪ ಕೌದಿ ಇಳಿಬಿಟ್ಟರೂ ತಕ್ಕಮಟ್ಟಿಗೆ ಆದೀತು.

ಇಳಕಲ್ಲಿನಲ್ಲಿ ವಿದ್ಯುತ್ ಮಗ್ಗದ ಪಕ್ಕ ಇರುವವರ ಪಾಡು ಬೇರೆ. ಅಲ್ಲಿ ನಡುಕ ನೆಲದಿಂದಲೇ ಗೋಡೆ ಏರುತ್ತದೆ. ಮಗ್ಗದ ಕಾಲಿಗೆ ದಪ್ಪ ರಬ್ಬರ್ ಹಾಕದೆ ಗೋಡೆ ಎಷ್ಟು ದಪ್ಪ ಮಾಡಿದರೂ ಪೂರ್ತಿ ಫಲವಿಲ್ಲ. ಅದು ಅನ್ನದ ಸದ್ದು, ನಿಲ್ಲಿಸಿ ಎನ್ನಲು ಬಾಯಿ ಬಾರದು. ನಡುರಾತ್ರಿಯ ಡಿಜೆಗೆ ಆ ರಿಯಾಯಿತಿ ಯಾಕೆ? 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬಲ್ ಮಿತಿ ಇದೆ. ಡಿಜೆಯ ಆ ಗುಡುಗನ್ನು ನಮ್ಮ ಒಂದೂವರೆ ಅಡಿ ಗೋಡೆಯೂ ತಡೆಯದು. ಅದಕ್ಕೆ ಊರಿನ ಹಿರಿಯರೇ ಬಾಯಿ ಬಿಡಬೇಕು.