ಭಾರವಾದ ದೇಹಕ್ಕೆ ತಕ್ಕ ಬೈಸಿಕಲ್ಲು

ಇಷ್ಟಲಿಂಗವನ್ನು ಧರಿಸುವ ದೇಹವನ್ನು ನಮ್ಮ ಶರಣರು ಎಂದೂ ತುಚ್ಛವಾಗಿ ಕಂಡವರಲ್ಲ. ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆದ್ದರಿಂದ ದೇಹವನ್ನು ದುಡಿಮೆಗೆ ಯೋಗ್ಯವಾಗಿರಿಸಿಕೊಳ್ಳುವುದು ಸದ್ಭಕ್ತರ ಕರ್ತವ್ಯವೇ ಸರಿ. ಆದರೆ ತೂಕ ಹೆಚ್ಚಿದ ಬಂಧುಗಳಿಗೆ ನಾವು ನೀಡುವ ಸಲಹೆ ಬಹುಮಟ್ಟಿಗೆ ‘ದಿನವೂ ನಡೆಯಿರಿ’ ಎಂಬಲ್ಲಿಗೇ ಮುಗಿಯುತ್ತದೆ. ನೂರು ಕಿಲೋ ತೂಗುವವರ ನೊಂದ ಮೊಣಕಾಲುಗಳು ಆ ಸಲಹೆಯನ್ನು ಎಷ್ಟು ದಿನ ಪಾಲಿಸಿಯಾವು?

ಅಂಥವರಿಗೆ ಬೈಸಿಕಲ್ಲು ಉತ್ತಮ ಸಾಧನವೆಂಬುದು ನಮ್ಮ ಅಭಿಪ್ರಾಯ. ಸವಾರನ ಭಾರದ ಹೆಚ್ಚಿನ ಪಾಲನ್ನು ಸೀಟು ಹೊರುವುದರಿಂದ ಮೊಣಕಾಲಿಗೆ ಬೀಳುವ ಪೆಟ್ಟು ತಗ್ಗುತ್ತದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಪ್ರತಿದಿನ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಸೈಕಲ್ ತುಳಿದರೆ ಈ ಅಳತೆಯ ಮೊದಲ ಮೆಟ್ಟಿಲನ್ನು ಮುಟ್ಟಿದಂತಾಯಿತು.

ಆದರೂ ಎಷ್ಟೋ ಮಂದಿ ಉತ್ಸಾಹದಿಂದ ಸೈಕಲ್ ಕೊಂಡು, ತಿಂಗಳೊಳಗೆ ಅದನ್ನು ಗೋಡೆಗೆ ಒರಗಿಸಿಬಿಡುತ್ತಾರೆ. ಹಿಂಚಕ್ರದ ಕಡ್ಡಿಗಳು ಮುರಿಯುತ್ತವೆ, ರಿಮ್ಮು ಬೆಂಡಾಗುತ್ತದೆ, ಏರಿನಲ್ಲಿ ಉಸಿರು ಕಟ್ಟುತ್ತದೆ. ನೋಡಿದವರು ನಗುತ್ತಾರೆ. ‘ನನ್ನ ಮೈಯೇ ಇದಕ್ಕೆ ಯೋಗ್ಯವಲ್ಲ’ ಎಂದು ಸವಾರರು ಕೈಬಿಡುತ್ತಾರೆ. ಇಲ್ಲಿ ತಪ್ಪು ದೇಹದ್ದಲ್ಲ, ಆಯ್ಕೆಯದು. ಅಂಬಿಗರ ಚೌಡಯ್ಯನವರ ಕಾಯಕವನ್ನು ಬಲ್ಲ ನಾವು, ಭಾರಕ್ಕೆ ತಕ್ಕ ದೋಣಿಯನ್ನು ಹುಡುಕಬೇಕೇ ಹೊರತು ಹತ್ತುವವರನ್ನು ಹಳಿಯಬಾರದು.

ಬಹು ಗೇರಿನ ಸೈಕಲ್ಲು ಏರುದಾರಿಯಲ್ಲಿ ಸುಖಕರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಗುಡ್ಡಗಾಡಿನಲ್ಲಿ ವಾಸಿಸುವವರಿಗೆ ಅದೇ ಸರಿ. ಆದರೆ ಬಯಲುಸೀಮೆಯ ಊರುಗಳಲ್ಲಿ, ಹೊಲ, ಅಂಗಡಿ, ಮಠಗಳಿಗೆ ಹೋಗಿಬರುವವರಿಗೆ ಒಂದೇ ಗೇರಿನ ಗಟ್ಟಿ ಸೈಕಲ್ಲು ಸಾಕು. ಅದರಲ್ಲಿ ಕೆಡುವ ಭಾಗಗಳು ಕಡಿಮೆ. ಕೆಟ್ಟರೂ ಹಳ್ಳಿಯ ಸೈಕಲ್ ಶಾಪಿನಲ್ಲೇ ದುರಸ್ತಿಯಾಗುತ್ತದೆ.

ಒಂದೇ ಗೇರು ಎಂದಮೇಲೆ ಅದು ಯಾವ ಗೇರು ಎಂಬುದು ಮುಖ್ಯ. ನಮ್ಮಲ್ಲಿ ಬಳಕೆಯಲ್ಲಿರುವ 28 ಇಂಚಿನ ಕರಿಯ ಸೈಕಲ್ಲಿನಲ್ಲಿ ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು ಐದೂವರೆ ಮೀಟರು ಸಾಗುತ್ತದೆ. ಇದು ಹಗುರ ದೇಹದವರಿಗೆ ಒಗ್ಗುತ್ತದೆ. ಆದರೆ ಏರಿನಲ್ಲಿ ಶ್ರಮವು ಒಟ್ಟು ಭಾರವನ್ನು ಅನುಸರಿಸುತ್ತದೆ. ಸೈಕಲ್ಲಿನ ತೂಕ 20 ಕಿಲೋ ಎಂದಿಟ್ಟುಕೊಂಡರೆ, 60 ಕಿಲೋದ ಸವಾರ ಒಟ್ಟು 80 ಕಿಲೋವನ್ನೂ 100 ಕಿಲೋದ ಸವಾರ 120 ಕಿಲೋವನ್ನೂ ಏರಿಸಬೇಕು. ಅಂದರೆ ಒಂದೂವರೆ ಪಟ್ಟು. ಈ ಹೊರೆ ನೇರವಾಗಿ ಮೊಣಕಾಲಿಗೆ ತಾಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಹಿಂದಿನ ಫ್ರೀವೀಲನ್ನು ಬದಲಿಸಿ 22 ಹಲ್ಲಿನದನ್ನು ಹಾಕಿಸಿದರೆ ಪೆಡಲಿನ ಮೇಲೆ ಬೇಕಾಗುವ ಒತ್ತಡ ಸುಮಾರು ಶೇಕಡಾ 18ರಷ್ಟು ಇಳಿಯುತ್ತದೆ. ಚೈನಿಗೆ ಕೊಂಡಿಗಳನ್ನು ಸೇರಿಸಬೇಕಾದೀತು. ನಿಮಿಷಕ್ಕೆ 60 ಸುತ್ತು ತುಳಿದಾಗ ಗಂಟೆಗೆ ಸುಮಾರು 20 ಕಿಲೋಮೀಟರು ಇದ್ದ ವೇಗ 16ಕ್ಕೆ ಬರುತ್ತದೆ. ಆರೋಗ್ಯಕ್ಕಾಗಿ ಸವಾರಿ ಮಾಡುವವರಿಗೆ ಇದು ನಷ್ಟವಲ್ಲ. ಬಲವಾಗಿ ನಿಧಾನ ತುಳಿಯುವುದಕ್ಕಿಂತ ಹಗುರವಾಗಿ ಚುರುಕಾಗಿ ತುಳಿಯುವುದೇ ಮೊಣಕಾಲಿಗೆ ಹಿತ. ಕಡಿದಾದ ಏರು ಬಂದರೆ ಇಳಿದು ತಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲ.

ಇನ್ನು ಬಾಳಿಕೆಯ ಮಾತು. ಕುಳಿತವರ ಭಾರದ ದೊಡ್ಡ ಪಾಲು ಹಿಂಚಕ್ರಕ್ಕೆ ಬೀಳುವುದರಿಂದ ಹಣವನ್ನು ಮೊದಲು ಅಲ್ಲಿಯೇ ವೆಚ್ಚ ಮಾಡಬೇಕು. 36 ಅಥವಾ 40 ಕಡ್ಡಿಗಳ ಹಿಂಚಕ್ರವಿರಲಿ. ಕಡ್ಡಿಗಳು ಮುರಿಯುವುದು ಸಾಮಾನ್ಯವಾಗಿ ಒಂದೇ ಪೆಟ್ಟಿಗಲ್ಲ. ಸಡಿಲವಾದ ಕಡ್ಡಿಯು ಪ್ರತಿ ಸುತ್ತಿನಲ್ಲೂ ಬಿಗಿದು ಸಡಿಲುತ್ತ ಹಬ್ಬಿನ ಬಳಿಯ ಬಾಗಿನಲ್ಲಿ ದಣಿದು ತುಂಡಾಗುತ್ತದೆ. ಆದಕಾರಣ ಹೊಸ ಚಕ್ರವನ್ನು ಕೆಲವು ವಾರ ತುಳಿದ ಮೇಲೆ ಕಡ್ಡಿಗಳನ್ನೆಲ್ಲ ಸಮನಾಗಿ ಬಿಗಿಸುವುದು ಅಗತ್ಯ. ಅಗಲವಾದ ಟೈರು, ತಕ್ಕಷ್ಟು ಗಾಳಿ, ಉಕ್ಕಿನ ಫ್ರೇಮು, ಸ್ಪ್ರಿಂಗಿನ ಅಗಲ ಸೀಟು ಇರಲಿ. ಹಳೆಯ ಮಾದರಿಯ ಕ್ರ್ಯಾಂಕಿನ ಕಾಟರ್ ಪಿನ್ನು ಭಾರಕ್ಕೆ ಸಡಿಲಗೊಳ್ಳಬಹುದು, ಅದನ್ನು ಆಗಾಗ ಪರೀಕ್ಷಿಸಬೇಕು. ಚೈನಿನ 24 ಕೊಂಡಿಗಳ ಉದ್ದ ಹೊಸದರಲ್ಲಿ 12 ಇಂಚು ಇರುತ್ತದೆ. ಅದು ಇಂಚಿನ ಎಂಟನೆಯ ಒಂದು ಭಾಗದಷ್ಟು ಬೆಳೆದರೆ ಚೈನನ್ನು ಬದಲಿಸಬೇಕು. ಭಾರ ಹೆಚ್ಚಿದಷ್ಟೂ ನಿಲ್ಲಿಸುವುದು ಕಷ್ಟ, ಮಳೆಯಲ್ಲಂತೂ ಉಕ್ಕಿನ ರಿಮ್ಮಿನ ಮೇಲೆ ಬ್ರೇಕು ಜಾರುತ್ತದೆ. ಆದ್ದರಿಂದ ಬ್ರೇಕಿನ ರಬ್ಬರಿನಲ್ಲಿ ಜಿಪುಣತನ ಸಲ್ಲದು. ಕೊಳ್ಳುವಾಗ ಸೈಕಲ್ಲು ಎಷ್ಟು ಭಾರ ತಾಳುತ್ತದೆಂದು ಸಂಕೋಚವಿಲ್ಲದೆ ಕೇಳಿರಿ.

ರಕ್ತದೊತ್ತಡ, ಹೃದಯದ ತೊಂದರೆ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಪೆಡಲು ಕೆಳಗಿರುವಾಗ ಮೊಣಕಾಲು ತುಸುವೇ ಬಾಗಿರುವಷ್ಟು ಎತ್ತರಕ್ಕೆ ಸೀಟನ್ನು ಇರಿಸಿಕೊಳ್ಳಬೇಕು. ಮೊದಲ ವಾರ ಹತ್ತು ನಿಮಿಷ ಸಾಕು.

ಕೊನೆಯದಾಗಿ, ಸೈಕಲ್ ಏರಿದ ಸ್ಥೂಲದೇಹಿಯನ್ನು ಕಂಡು ನಗುವವರಿಗೂ ನಮ್ಮದೊಂದು ಬಿನ್ನಹ. ಆ ನಗೆಯು ಮುರಿಯುವಷ್ಟು ಉತ್ಸಾಹವನ್ನು ಯಾವ ಮುರಿದ ಕಡ್ಡಿಯೂ ಮುರಿಯದು. ಮುಂದಿನ ಶಿವಾನುಭವ ಗೋಷ್ಠಿಗೆ ಯಾರಾದರೂ ಸೈಕಲ್ ತುಳಿದು ಬಂದರೆ, ಅವರಿಗೊಂದು ‘ಶರಣು’ ಹೇಳಿ, ಕುಡಿಯಲು ನೀರು ಕೊಡೋಣ.