ಜಿನ್ಸೆಂಗ್ ಎಲ್ಲರಿಗೂ ಹೇಳಿದ್ದಲ್ಲ

ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗನ ಪೆಟ್ಟಿಗೆ ಬಿಚ್ಚುವಾಗ ಖರ್ಜೂರ, ಅತ್ತರು, ಹಾಲಿನ ಪುಡಿಯ ನಡುವೆ ಕೆಲವೊಮ್ಮೆ ಜಿನ್ಸೆಂಗ್ ಮಾತ್ರೆಯ ಡಬ್ಬಿಯೂ ಹೊರಬರುತ್ತದೆ. "ಉಮ್ಮಾ, ಶಕ್ತಿಗೆ ಒಳ್ಳೆಯದಂತೆ, ದಿನಾ ಒಂದು ತಗೊಳ್ಳಿ" ಎಂದು ಅವನು ಪ್ರೀತಿಯಿಂದ ಕೊಡುತ್ತಾನೆ. ತಾಯಿ ತಾನೊಂದು ನುಂಗಿ, ಬಸುರಿ ಸೊಸೆಗೊಂದು, ಪರೀಕ್ಷೆಗೆ ಓದುವ ಮೊಮ್ಮಗನಿಗೊಂದು ಕೊಡುತ್ತಾಳೆ. ಬೇರು ತಾನೇ, ಗುಣವಾಗದಿದ್ದರೂ ಕೆಡುಕಂತೂ ಆಗದು ಎಂಬ ಧೈರ್ಯ. ಸಹೋದರಿಯರೇ, ಆ ಧೈರ್ಯ ಸರಿಯಲ್ಲ.

ಜಿನ್ಸೆಂಗ್ ಈಶಾನ್ಯ ಚೀನಾ ಮತ್ತು ಕೊರಿಯಾದ ತಂಪು ಬೆಟ್ಟಗಳಲ್ಲಿ ಬೆಳೆಯುವ ಗಿಡದ ಬೇರು. ಕೈಕಾಲು ಚಾಚಿದ ಮನುಷ್ಯನಂತೆ ಕಾಣುವುದರಿಂದ ಚೀನೀ ಭಾಷೆಯಲ್ಲಿ ಅದನ್ನು 'ರೆನ್ ಶೆನ್' ಎನ್ನುತ್ತಾರೆ; 'ರೆನ್' ಎಂದರೆ ಮನುಷ್ಯ. ಅಲ್ಲಿನ ವೈದ್ಯರು ಇದನ್ನು ಬಹಳ ಮೇಲಿನ ಸ್ಥಾನದಲ್ಲಿಟ್ಟಿದ್ದಾರೆ. ಆದರೆ ಸಿಕ್ಕಸಿಕ್ಕವರಿಗೆಲ್ಲ ಕೊಟ್ಟವರಲ್ಲ. ದೀರ್ಘ ಕಾಯಿಲೆಯಿಂದ ಸೊರಗಿದವರಿಗೆ, ರಕ್ತ ಹೋಗಿ ನಿತ್ರಾಣರಾದವರಿಗೆ ಇದು ಔಷಧಿ. ಗಟ್ಟಿಮುಟ್ಟಾಗಿರುವವರಿಗೆ, ಮೈಯಲ್ಲಿ ಉಷ್ಣ ಹೆಚ್ಚಿರುವವರಿಗೆ, ಶೀತ ಜ್ವರ ಈಗಷ್ಟೇ ಹಿಡಿದವರಿಗೆ ಕೊಡಬಾರದು. ರೋಗ ಒಳಗಿರುವಾಗ ಟಾನಿಕ್ ಕೊಡುವುದೆಂದರೆ ಕಳ್ಳನನ್ನು ಮನೆಯೊಳಗೇ ಬಿಟ್ಟು ಬಾಗಿಲು ಹಾಕಿದಂತೆ ಎಂಬುದು ಅವರ ಮಾತು.

18ನೇ ಶತಮಾನದಲ್ಲಿ ಷು ದಾಚುನ್ ಎಂಬ ಪ್ರಸಿದ್ಧ ಚೀನೀ ವೈದ್ಯ ಜಿನ್ಸೆಂಗ್ ವಿಷಯದಲ್ಲೇ ಒಂದು ಕಟು ಲೇಖನ ಬರೆದರು. ಅದು 1757ರ ಅವರ ಪುಸ್ತಕದಲ್ಲಿದೆ. ಆಗ ಈ ಬೇರಿಗೆ ವಿಪರೀತ ಬೆಲೆ. ರೋಗಿ ಸತ್ತರೂ ತಮ್ಮ ಮೇಲೆ ಅಪವಾದ ಬಾರದಿರಲೆಂದು ವೈದ್ಯರು ಬರೆದುಕೊಡುತ್ತಿದ್ದರು. ಕೊಡಿಸದಿದ್ದರೆ ತಂದೆತಾಯಿಯನ್ನು ಕಡೆಗಣಿಸಿದಂತಾದೀತೆಂದು ಮಕ್ಕಳು ಸಾಲ ಮಾಡಿ ತರುತ್ತಿದ್ದರು. ಮನೆಯೂ ಹೋಯಿತು, ರೋಗಿಯೂ ಹೋದ ಎಂಬುದು ಅವರ ದೂರು. ಪೆಟ್ಟಿಗೆಯಿಂದ ಹೊರಬಂದ ಆ ಡಬ್ಬಿಯ ಹಿಂದೆ ಇರುವುದೂ ಅಂಥದೇ ಪ್ರೀತಿ ಅಲ್ಲವೇ?

ಇಂದಿನ ವೈದ್ಯಶಾಸ್ತ್ರ ಏನು ಹೇಳುತ್ತದೆ? ಮೊದಲು ಬಸುರಿಯ ವಿಷಯ. ಚೀನಾದ ಆರೋಗ್ಯ ಸಚಿವಾಲಯ 2012ರಲ್ಲಿ ಬೇಸಾಯದ ಜಿನ್ಸೆಂಗನ್ನು ಆಹಾರವಾಗಿ ಮಾರಲು ಒಪ್ಪಿಗೆ ಕೊಟ್ಟಾಗ, ದಿನಕ್ಕೆ 3 ಗ್ರಾಂ ಮೀರಬಾರದು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಮತ್ತು 14 ವರ್ಷದೊಳಗಿನ ಮಕ್ಕಳಿಗೆ ಇದು ತಕ್ಕದ್ದಲ್ಲ ಎಂದಿತು. ಬೆಳೆಯುವ ದೇಶವೇ ಹೀಗೆ ಹೇಳಿದ ಮೇಲೆ ನಮ್ಮ ಸೊಸೆಗೂ ಬಾಣಂತಿ ಮಗಳಿಗೂ ಅದೇಕೆ?

ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರವಾಗಿರಬೇಕು. ಜಿನ್ಸೆಂಗ್ ತಾನೇ ರಕ್ತದ ಸಕ್ಕರೆಯನ್ನು ಇಳಿಸಬಹುದು. ಮಾತ್ರೆ ಅಥವಾ ಇನ್ಸುಲಿನ್ ಜೊತೆ ಸೇರಿದರೆ ಅತಿಯಾಗಿ ಇಳಿಯುವ ಭಯವಿದೆ. ರಮಝಾನ್‌ನಲ್ಲಿ ನಿಶ್ಶಕ್ತಿ ಆಗದಿರಲೆಂದು ಸಹರಿಯ ಹೊತ್ತಿಗೆ ಇದನ್ನು ನುಂಗಿ ಉಪವಾಸ ಹಿಡಿಯುವವರಿದ್ದರೆ ದಯವಿಟ್ಟು ನಿಲ್ಲಿಸಿ. ಮಧ್ಯಾಹ್ನ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಅದನ್ನು ಬರೀ ಹಸಿವೆಂದು ತಳ್ಳಿಹಾಕಬೇಡಿ, ಸಕ್ಕರೆ ನೋಡಿ. 70ಕ್ಕಿಂತ ಕೆಳಗಿಳಿದರೆ ಉಪವಾಸ ಬಿಡಲೇಬೇಕೆಂದು ವೈದ್ಯರು ಹೇಳುತ್ತಾರೆ.

ಹೃದಯದ ಕವಾಟ ಬದಲಾಯಿಸಿಕೊಂಡು ವಾರ್ಫರಿನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ಇದನ್ನು ಮುಟ್ಟದಿರುವುದೇ ಲೇಸು. ಇದರ ಸೋದರ ಗಿಡವಾದ ಅಮೆರಿಕನ್ ಜಿನ್ಸೆಂಗ್ ಆ ಮಾತ್ರೆಯ ಶಕ್ತಿಯನ್ನು ಕುಗ್ಗಿಸಿದ್ದು 2004ರ ಒಂದು ಅಧ್ಯಯನದಲ್ಲಿ ಕಂಡುಬಂದಿತ್ತು. ಮಾತ್ರೆ ತಪ್ಪದೆ ನುಂಗುತ್ತಿದ್ದೇನೆಂದು ನೀವು ನೆಮ್ಮದಿಯಿಂದಿರುತ್ತೀರಿ, ಒಳಗೆ ಅದರ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಆಪರೇಶನ್ ಇದ್ದರೆ ಕನಿಷ್ಠ ಒಂದು ವಾರ ಮೊದಲೇ ಜಿನ್ಸೆಂಗ್ ನಿಲ್ಲಿಸಬೇಕು.

ರಕ್ತದೊತ್ತಡ ಹತೋಟಿಗೆ ಬಾರದವರು, ನಿದ್ದೆ ಬಾರದವರು, ಸ್ತನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮುಟ್ಟು ನಿಂತ ಕೆಲವು ಹೆಂಗಸರಿಗೆ ಜಿನ್ಸೆಂಗ್ ಸೇವನೆಯ ನಂತರ ಮತ್ತೆ ರಕ್ತಸ್ರಾವವಾದದ್ದನ್ನು ವೈದ್ಯರು ವರದಿ ಮಾಡಿದ್ದಾರೆ. ಹಾಗಾದರೆ ನಾಚಿಕೊಂಡು ಮುಚ್ಚಿಡಬೇಡಿ, ಕೂಡಲೇ ತೋರಿಸಿ.

'ಭಾರತದ ಜಿನ್ಸೆಂಗ್' ಎಂದು ಕರೆಯುವ ಅಶ್ವಗಂಧ ಬೇರೆಯೇ ಗಿಡ. ಅದಕ್ಕೆ ಅದರದೇ ಪಥ್ಯವಿದೆ, ಥೈರಾಯ್ಡ್ ಇರುವವರಂತೂ ಕೇಳಿಯೇ ತೆಗೆದುಕೊಳ್ಳಬೇಕು. ಇನ್ನು ನಮಗೆ ಗಲ್ಫ್‌ನಿಂದ ಯಾರೂ ತರುವವರಿಲ್ಲ ಎನ್ನುವವರು ಮನೆಯಲ್ಲಿರುವ ಮಲ್ಟಿವಿಟಮಿನ್ ಡಬ್ಬಿಯನ್ನೊಮ್ಮೆ ತಿರುಗಿಸಿ ಓದಿ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಸಿಗುವ ಎಷ್ಟೋ ಶಕ್ತಿ ಮಾತ್ರೆಗಳಲ್ಲೂ ಜಿನ್ಸೆಂಗ್ ಸೇರಿರುತ್ತದೆ. ಮುಂದಿನ ಸಲ ಡಾಕ್ಟರರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.