ಮಂಗಳೂರಿನ ಸಂಜೆ ಯಾರ ಪಾಲಿಗೆ?

ರಜೆಯಲ್ಲಿ ಮಂಗಳೂರಿಗೆ ನೆಂಟರು ಬಂದರೆ ಹಗಲು ಹೊತ್ತು ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಚಿಂತೆ ನಮಗಿರುವುದಿಲ್ಲ. 300ಕ್ಕೂ ಹೆಚ್ಚು ಎಕರೆಯ ಪಿಲಿಕುಳ ನಿಸರ್ಗಧಾಮವಿದೆ. ಅಲ್ಲಿಯೇ 2018ರಲ್ಲಿ ಉದ್ಘಾಟನೆಯಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಚಾವಣಿಗಳ ಮೇಲೆ ಇಟಲಿಯ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳಿವೆ. ಬಿಜೈಯಲ್ಲಿ ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯವಿದೆ. ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿಯ ಬಳಿ ದೋಣಿ ಹತ್ತಿ ಫಲ್ಗುಣಿ ನದಿ ದಾಟಿದರೆ ತಣ್ಣೀರುಬಾವಿಯ ಕಡಲತೀರ. ಮಧ್ಯಾಹ್ನ ಕೋರಿ ರೊಟ್ಟಿ, ಬಂಗುಡೆ ಪುಳಿಮುಂಚಿ; ನಾಲ್ಕು ಗಂಟೆಗೆ ಗೋಳಿಬಜೆ, ಬನ್ಸ್. ಇಷ್ಟನ್ನು ಇಷ್ಟು ಹತ್ತಿರದಲ್ಲಿ ಇಟ್ಟುಕೊಂಡಿರುವ ನಗರಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ತೊಡಕು ಆರಂಭವಾಗುವುದು ಕತ್ತಲಾದ ಮೇಲೆ. ಪಿಲಿಕುಳದ ಬಾಗಿಲು ಸಂಜೆಗೇ ಮುಚ್ಚುತ್ತದೆ. ರಾತ್ರಿ ಎಂಟು-ಒಂಬತ್ತರ ಬಳಿಕ ಸಿಟಿ ಬಸ್ಸುಗಳು ವಿರಳವಾಗುತ್ತವೆ. ಆಮೇಲೆ ಉಳಿಯುವುದು ಮಾಲು, ಹೋಟೆಲು, ಪಬ್ಬು, ಈಚಿನ ವರ್ಷಗಳಲ್ಲಿ ಈ ಊರಿಗೂ ಬಂದಿರುವ ಮೈಕ್ರೊಬ್ರೂವರಿ. ಅಂದರೆ ಕಾರೂ ಕೈತುಂಬ ಹಣವೂ ಇದ್ದವರಿಗೆ ಮಾತ್ರ ಸಂಜೆ ಉಂಟು; ಉಳಿದವರಿಗೆ ಟಿ.ವಿ. ಮತ್ತು ಮೊಬೈಲ್.

ಕರಾವಳಿಯ ಬಾರ್ ಆಂಡ್ ರೆಸ್ಟೋರೆಂಟುಗಳಲ್ಲಿ ‘ಫ್ಯಾಮಿಲಿ ರೂಮ್’ ಎಂಬ ಫಲಕವನ್ನು ಓದುಗರು ಗಮನಿಸಿರಬಹುದು. ಗಂಡಸರಿಗೆ ವಿಶಾಲವಾದ ಹಜಾರ. ಹೆಂಗಸರು ಮಕ್ಕಳೊಂದಿಗೆ ಬಂದವರಿಗೆ ಪರದೆಯ ಹಿಂದೆಯೋ ಮಹಡಿಯ ಮೇಲೆಯೋ ಒಂದು ಮೂಲೆ. ಒಳ್ಳೆಯ ಮೀನೂಟಕ್ಕೆಂದು ಬಂದ ಕುಟುಂಬಕ್ಕೆ ಇದೊಂದು ಅನುಕೂಲವೇ ಇರಬಹುದು. ಆದರೆ ಈ ಏರ್ಪಾಡಿನ ಹಿಂದಿನ ತರ್ಕ ವಿಚಿತ್ರವಾದುದು. ಹಜಾರದಲ್ಲಿ ಕುಳಿತವರ ವರ್ತನೆಯನ್ನು ಸರಿಪಡಿಸುವ ಬದಲು ಅದರಿಂದ ಕಿರಿಕಿರಿ ಅನುಭವಿಸುವವರನ್ನೇ ಅಲ್ಲಿಂದ ಸರಿಸಲಾಗುತ್ತದೆ. ನಮ್ಮ ನಗರಾಡಳಿತವೂ ಇದೇ ತರ್ಕವನ್ನು ಇಡೀ ಊರಿಗೆ ಅನ್ವಯಿಸಿದೆ ಎಂಬುದು ನನ್ನ ವಾದ. ಯಾವ ಊರಿಗೆ ಫ್ಯಾಮಿಲಿ ರೂಮ್ ಬೇಕಾಗುವುದಿಲ್ಲವೋ ಆ ಊರೇ ನಿಜವಾದ ಅರ್ಥದಲ್ಲಿ ಕುಟುಂಬಸ್ನೇಹಿ.

ಹೆಣ್ಣುಮಕ್ಕಳು, ಮಕ್ಕಳು ರಾತ್ರಿ ಹೊರಗಿರುವುದು ನಮ್ಮ ಸಂಸ್ಕೃತಿಯಲ್ಲ ಎಂಬ ಆಕ್ಷೇಪ ಕೂಡಲೇ ಕೇಳಿಬರುತ್ತದೆ. ತುಳುನಾಡಿನ ಮಟ್ಟಿಗೆ ಈ ಮಾತು ಸತ್ಯಕ್ಕೆ ದೂರ. ನಮ್ಮ ಬಯಲಾಟಗಳು ಬೆಳಕು ಹರಿಯುವವರೆಗೆ ನಡೆಯುತ್ತಿದ್ದವು. ಇಂದು ಕಾಲಮಿತಿಯ ಪ್ರದರ್ಶನಗಳು ಹೆಚ್ಚಾಗಿದ್ದರೂ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿ ಆಟ ನೋಡಿದ ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ನೇಮ, ಕೋಲಗಳು ನಡೆಯುವುದು ರಾತ್ರಿ. ಹೊನಲು ಬೆಳಕಿನ ಕಂಬಳದಲ್ಲಿ ಕೋಣಗಳು ಓಡುವುದೂ ರಾತ್ರಿ. ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ಮಂಗಳೂರು ದಸರಾ ಮೆರವಣಿಗೆಯಂದು ನಡುರಾತ್ರಿ ಮೀರಿದರೂ ಕುಟುಂಬಗಳು ರಸ್ತೆಯ ಬದಿಯಲ್ಲಿರುತ್ತವೆ. ಉಳ್ಳಾಲದ ಉರೂಸ್, ಇಗರ್ಜಿಗಳ ಹಬ್ಬಗಳಿಗೂ ಇದೇ ಮಾತು ಸಲ್ಲುತ್ತದೆ. ಜನರಿಗೆ ಅಲ್ಲಿ ಧೈರ್ಯ ಕೊಡುವುದೇನು? ಬೆಳಕಿದೆ, ಪರಿಚಿತ ಮುಖಗಳಿವೆ, ಚುರುಮುರಿಯ ಅಂಗಡಿಯಿದೆ, ಹೆಂಗಸರು ಸಾಕಷ್ಟು ಸಂಖ್ಯೆಯಲ್ಲಿದ್ದಾರೆ, ಏನಾದರೂ ಆದರೆ ಉತ್ತರ ಹೇಳುವ ಸಂಘಟಕರಿದ್ದಾರೆ. ಪ್ರವೇಶಕ್ಕೆ ಹಣವಿಲ್ಲ. ಇಷ್ಟಿದ್ದರೆ ಕತ್ತಲು ಯಾರನ್ನೂ ಹೆದರಿಸುವುದಿಲ್ಲ.

ವ್ಯಾಪಾರಿ ಜಗತ್ತಿನಲ್ಲಿ ಇದಕ್ಕೆ ಹತ್ತಿರವಾದುದು ನಮ್ಮ ಐಸ್‌ಕ್ರೀಂ ಪಾರ್ಲರ್. 1975ರಲ್ಲಿ ಎಸ್. ಪ್ರಭಾಕರ ಕಾಮತ್ ಅವರು ಮಾರುಕಟ್ಟೆ ರಸ್ತೆಯಲ್ಲಿ ಆರಂಭಿಸಿದ ‘ಐಡಿಯಲ್’ ಊರಿನ ಗುರುತೇ ಆಗಿಬಿಟ್ಟಿದೆ. ಗಡ್‌ಬಡ್ ತಿನ್ನುವ ಕಾಲೇಜು ಹುಡುಗಿಯರ ಪಕ್ಕದ ಮೇಜಿನಲ್ಲಿ ಬುರ್ಖಾ ಧರಿಸಿದ ಮಹಿಳೆಯರು, ಅವರ ಆಚೆ ಮೊಮ್ಮಕ್ಕಳೊಂದಿಗೆ ಬಂದ ಅಜ್ಜ-ಅಜ್ಜಿ ಕುಳಿತಿರುವುದು ಇಲ್ಲಿನ ಪಾರ್ಲರುಗಳಲ್ಲಿ ಯಾರಿಗೂ ಸುದ್ದಿಯಲ್ಲ. ಇಲ್ಲಿ ಪರದೆಯಿಲ್ಲ, ಮಹಡಿಯಿಲ್ಲ. ಒಂದು ಕಪ್ಪು ಐಸ್‌ಕ್ರೀಮಿನ ಬೆಲೆ ಕೊಟ್ಟವನಿಗೆ ಅರ್ಧ ಗಂಟೆ ಕುಳಿತುಕೊಳ್ಳುವ ಹಕ್ಕುಂಟು. ಎಲ್ಲ ಮತಗಳವರೂ ಭಯವಿಲ್ಲದೆ ಒಂದೇ ಸೂರಿನಡಿ ಕುಳಿತುಕೊಳ್ಳುವ ಇಂಥ ಜಾಗಗಳನ್ನು ಹೆಚ್ಚಿಸುವುದು ಹೇಗೆಂಬುದೇ ಪ್ರಶ್ನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು. ಉದ್ಯಾನ, ಕಡಲತೀರ, ಬೀದಿಯ ಬೆಳಕು ಸಾರ್ವಜನಿಕ ಸರಕುಗಳು. ಇವುಗಳಿಂದ ಲಾಭ ಬಾರದು, ಆದ್ದರಿಂದ ಮಾರುಕಟ್ಟೆ ಇವನ್ನು ತಾನಾಗಿ ಒದಗಿಸದು. ಸರ್ಕಾರ ಒದಗಿಸದಿದ್ದರೆ ಅದೇ ಅಗತ್ಯವನ್ನು ಮಾಲು ಮತ್ತು ಪಬ್ಬುಗಳು ದುಬಾರಿ ಬೆಲೆಗೆ ಮಾರುತ್ತವೆ. ಸರ್ಕಾರಿ ಸೇವೆಯಲ್ಲಿ ನಾನು ಮತ್ತೆ ಮತ್ತೆ ಕಂಡದ್ದು, ನಿರ್ಮಾಣಕ್ಕೆ ಸುಲಭವಾಗಿ ಸಿಗುವ ಹಣ ನಿರ್ವಹಣೆಗೆ ಸಿಗುವುದಿಲ್ಲ. ಉದ್ಘಾಟನೆಗೆ ಶಿಲಾಫಲಕವಿದೆ, ಶೌಚಾಲಯ ತೊಳೆಯುವ ನೌಕರನ ಸಂಬಳಕ್ಕೆ ಲೆಕ್ಕ ಶೀರ್ಷಿಕೆಯೇ ಇರುವುದಿಲ್ಲ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು; ಕದ್ರಿ ಉದ್ಯಾನದ ಬಳಿಯ ರಸ್ತೆಯೂ ಸೇರಿದಂತೆ ಹಲವು ಕಾಮಗಾರಿಗಳು ನಡೆದವು. 2025ರ ಮಾರ್ಚ್‌ನಲ್ಲಿ ಆ ಯೋಜನೆಯೇ ಮುಗಿಯಿತು. ಕಟ್ಟಿದ್ದನ್ನು ಕಾಪಾಡುವ ಹೊರೆ ಈಗ ಸ್ಥಳೀಯ ಆಡಳಿತದ ಮೇಲಿದೆ.

ಸಾರಿಗೆಯ ಪ್ರಶ್ನೆ ಇದಕ್ಕಿಂತ ಕಠಿಣ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗಷ್ಟೇ ಅನ್ವಯ. ಮಂಗಳೂರಿನ ನಗರ ಸಾರಿಗೆಯ ಬಹುಪಾಲು ಖಾಸಗಿ ಸಿಟಿ ಬಸ್ಸುಗಳ ಕೈಯಲ್ಲಿರುವುದರಿಂದ, ಇತರ ಊರುಗಳ ಮಹಿಳೆಯರಿಗೆ ದೊರೆತ ಸಂಚಾರದ ಸ್ವಾತಂತ್ರ್ಯ ಇಲ್ಲಿನವರಿಗೆ ಅಷ್ಟಾಗಿ ದೊರೆತಿಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿದ ಕುಟುಂಬ ಹಿಂತಿರುಗಲು ಆಟೋರಿಕ್ಷಾಕ್ಕೆ ಕೊಡುವ ಬಾಡಿಗೆ ಕೆಲವೊಮ್ಮೆ ಮಕ್ಕಳ ತಿಂಡಿಯ ಖರ್ಚಿಗಿಂತ ಹೆಚ್ಚು.

ಇನ್ನು ಬಿಯರಿನ ವಿಷಯ. ನಾನು ಮದ್ಯಪಾನದ ಸಮರ್ಥಕನಲ್ಲ. ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ರಾಜ್ಯನೀತಿಯ ಗುರಿಯಾಗಿ ಹೇಳುತ್ತದೆ. ಇದೇ ಸರ್ಕಾರ 2025–26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ನಿರೀಕ್ಷಿಸಿದೆ. ಈ ದ್ವಂದ್ವದ ನಡುವೆ ಒಂದು ವ್ಯತ್ಯಾಸವನ್ನಾದರೂ ಗುರುತಿಸಬೇಕು. ಕರಾವಳಿಗೆ ಮದ್ಯ ಹೊಸದಲ್ಲ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಶೇಂದಿಗೆ ಇಂದಿಗೂ ಅವಕಾಶವಿದೆ, ಮೂರ್ತೆದಾರರ ಸಹಕಾರಿ ಸಂಘಗಳೂ ಇವೆ. ಕುಳಿತು, ಊಟದೊಂದಿಗೆ, ಅಲ್ಲಿಯೇ ತಯಾರಾದ ಬಿಯರನ್ನು ಕುಡಿಯುವ ಜಾಗಕ್ಕೂ, ಅವಸರವಾಗಿ ಗಂಟಲಿಗೆ ಸುರಿದುಕೊಂಡು ಹೊರಡುವ ಜಾಗಕ್ಕೂ ಸಾಮಾಜಿಕ ಪರಿಣಾಮದಲ್ಲಿ ಅಂತರವಿದೆ. ಸರ್ಕಾರ ಪರವಾನಗಿ ಶುಲ್ಕ ಪಡೆದ ಮೇಲೆ ಆ ಅಂತರವನ್ನು ಕಾಯುವುದು ಅದರ ಕೆಲಸ: 21 ವರ್ಷ ತುಂಬದವರಿಗೆ ಮದ್ಯ ಕೊಡದಂತೆ ನೋಡಿಕೊಳ್ಳುವುದು, ಮುಚ್ಚುವ ವೇಳೆ ಪಾಲನೆಯಾಗುವಂತೆ ಮಾಡುವುದು, ಕುಡಿದು ವಾಹನ ಓಡಿಸುವವರನ್ನು ಹಿಡಿಯುವುದು. ಬಸ್ಸಿಲ್ಲದ ರಾತ್ರಿಯಲ್ಲಿ ಪಬ್ಬಿನ ಬಹುತೇಕ ಗಿರಾಕಿಗಳು ಸ್ವತಃ ವಾಹನ ಚಲಾಯಿಸಿಕೊಂಡೇ ಮನೆಗೆ ಮರಳಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಈ ಕೆಲಸ ಅಬಕಾರಿ ಅಧಿಕಾರಿಯದು, ಪೊಲೀಸರದು, ಬೀದಿಯ ಗುಂಪಿನದಲ್ಲ. 2009ರ ಜನವರಿ 24ರಂದು ಪಬ್ಬೊಂದಕ್ಕೆ ನುಗ್ಗಿದವರು ಯುವತಿಯರನ್ನು ಹೊಡೆದು ಅಟ್ಟಾಡಿಸಿದ ದೃಶ್ಯವನ್ನು ದೇಶವೇ ನೋಡಿತು. 2018ರಲ್ಲಿ ಆ ಪ್ರಕರಣದ ಆರೋಪಿಗಳು ನ್ಯಾಯಾಲಯದಲ್ಲಿ ಖುಲಾಸೆಯಾದರು. 2012ರ ಜುಲೈನಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ-ಯುವತಿಯರ ಮೇಲೆ ದಾಳಿ ನಡೆಯಿತು. ಅಲ್ಲಿ ಪಬ್ಬಿನ ನೆಪವೂ ಇರಲಿಲ್ಲ. 2023ರ ಜೂನ್‌ನಲ್ಲಿ ಸೋಮೇಶ್ವರದ ಕಡಲತೀರದಲ್ಲಿ ಗೆಳೆಯ-ಗೆಳತಿಯರ ಗುಂಪಿನಲ್ಲಿದ್ದ ಯುವಕರ ಮೇಲೆ ಹಲ್ಲೆಯಾಯಿತು. ಪಬ್ಬು, ಮನೆ, ಮರಳದಂಡೆ – ಜಾಗ ಬದಲಾದರೂ ಕೇಳಿದ ಪ್ರಶ್ನೆ ಒಂದೇ: ನೀನು ಯಾರು, ನಿನ್ನ ಜತೆಗಿರುವವರು ಯಾರು? ಈ ಪ್ರಶ್ನೆಯನ್ನು ಕೇಳುವ ಅಧಿಕಾರ ದಾರಿಹೋಕರಿಗಿದೆ ಎಂದು ಒಪ್ಪಿಕೊಂಡ ಊರಿನಲ್ಲಿ ಕೊನೆಗೆ ಅಣ್ಣ-ತಂಗಿಯೂ ಗುರುತಿನ ಚೀಟಿ ಹಿಡಿದು ತಿರುಗಬೇಕಾದೀತು.

ಆಗಬೇಕಾದದ್ದು ಅಸಾಧ್ಯವೇನಲ್ಲ. ಶನಿವಾರ, ಭಾನುವಾರಗಳಂದು ಪಣಂಬೂರು, ತಣ್ಣೀರುಬಾವಿ, ಕದ್ರಿ ಮಾರ್ಗಗಳಲ್ಲಿ ರಾತ್ರಿ ಹತ್ತರವರೆಗೆ ಬಸ್ಸು ಓಡಿಸಬಹುದು. ಖಾಸಗಿಯವರಿಗೆ ನಷ್ಟವಾದರೆ ಆ ಮೊತ್ತವನ್ನು ಪಾಲಿಕೆ ತುಂಬಿಕೊಡಲಿ. ವಾರದಲ್ಲಿ ಎರಡು ದಿನ ತಾರಾಲಯದ ಕಡೆಯ ಪ್ರದರ್ಶನವನ್ನು ಕತ್ತಲಾದ ಮೇಲೆ ಇರಿಸಿ, ಅದಕ್ಕೆ ಹೊಂದುವಂತೆ ಬಸ್ಸು ಬಿಡಲಿ. ಜೀವರಕ್ಷಕರು, ಶೌಚಾಲಯ, ದೀಪಗಳ ನಿರ್ವಹಣೆಗೆ ಪ್ರತಿ ಸ್ಥಳಕ್ಕೂ ಪ್ರತ್ಯೇಕ ಅನುದಾನ ಕಾದಿರಿಸಿ, ಖರ್ಚನ್ನು ಪ್ರಕಟಿಸಲಿ. ಹಲ್ಲೆಯ ಪ್ರಕರಣಗಳು ನ್ಯಾಯಾಲಯದಲ್ಲಿ ನಿಲ್ಲುವಂತೆ ಪೊಲೀಸರು ಸಾಕ್ಷ್ಯ ಕಲೆಹಾಕಲಿ.

ಈ ನಗರ ಪ್ರತಿ ವರ್ಷ ಸಾವಿರಾರು ವೈದ್ಯರನ್ನೂ ಎಂಜಿನಿಯರುಗಳನ್ನೂ ತಯಾರಿಸಿ ಬೆಂಗಳೂರಿಗೆ, ಕೊಲ್ಲಿ ನಾಡುಗಳಿಗೆ ಕಳುಹಿಸುತ್ತದೆ. ಅವರು ಹೋಗುವುದು ಸಂಬಳಕ್ಕಾಗಿ, ನಿಜ. ಆದರೆ ಮರಳಿ ಬರುವ ಅವಕಾಶ ಒದಗಿದಾಗಲೂ ಹಿಂಜರಿಯುವವರಿದ್ದಾರೆ; ತಮ್ಮ ಹೆಣ್ಣುಮಕ್ಕಳಿಗೆ ಇಲ್ಲಿ ಸಂಜೆಯೇ ಇಲ್ಲ ಎಂಬುದು ಅವರ ದೂರು. ಹೆತ್ತವರು ಇಲ್ಲಿ ಒಬ್ಬೊಂಟಿಯಾಗಿ ಊಟ ಮಾಡುತ್ತಾರೆ. ಕೈಗಾರಿಕೆ ಕರೆತರಲು ಹೂಡಿಕೆದಾರರ ಸಮಾವೇಶ ನಡೆಸುವ ಸರ್ಕಾರ, ಹೋದ ಮಕ್ಕಳನ್ನು ಕರೆತರಲು ನಗರದ ಸಂಜೆಗಳ ಮೇಲೂ ಸ್ವಲ್ಪ ಹೂಡಿಕೆ ಮಾಡುವುದು ಒಳಿತು.